ಹಾಸಿಗೆ ಮತ್ತು ಕಾಲು: ಮುಂಬಯಿಯ ಒಂದು ಹಳೆಯ ಕಾರಿನ ಅಳತೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಖರ್ಚುವೆಚ್ಚದ ವಿಷಯದಲ್ಲಿ. ಗ್ರೀಕರ ಪುರಾಣದಲ್ಲಿ ಈ ಮಾತನ್ನು ಅಕ್ಷರಶಃ ಜಾರಿಗೆ ತಂದ ದುಷ್ಟನೊಬ್ಬನಿದ್ದಾನೆ. ಅವನ ಹೆಸರು ಪ್ರೊಕ್ರಸ್ಟಸ್. ದಾರಿಹೋಕರನ್ನು ಕರೆತಂದು ತನ್ನ ಮಂಚದ ಮೇಲೆ ಮಲಗಿಸುತ್ತಿದ್ದ. ಮಲಗಿದವನ ಕಾಲು ಮಂಚದಿಂದಾಚೆ ಚಾಚಿದರೆ ಕತ್ತರಿಸುವುದು, ಆಳು ಗಿಡ್ಡನಾದರೆ ಎಳೆದು ಉದ್ದ ಮಾಡುವುದು ಅವನ ಆತಿಥ್ಯದ ರೀತಿ. ಇಂಗ್ಲಿಷ್ ಎಂ.ಎ. ಓದುವಾಗ ಈ ಕಥೆ ನಮಗೆ ವಿಮರ್ಶೆಯ ಒಂದು ರೂಪಕವಾಗಿ ಮಾತ್ರ ಪರಿಚಿತವಾಗಿತ್ತು. ಅದನ್ನು ಮರ, ಚರ್ಮ, ಕಬ್ಬಿಣಗಳಲ್ಲಿ ಕಂಡದ್ದು ಬಹಳ ವರ್ಷಗಳ ಮೇಲೆ, ಮಾಟುಂಗದ ಹಳೆಯ ಕಟ್ಟಡವೊಂದರ ಹಿಂಬದಿಯ ಗ್ಯಾರೇಜಿನಲ್ಲಿ.

ಆ ಗ್ಯಾರೇಜಿನಲ್ಲಿ ನಮ್ಮ ಮಿತ್ರರೊಬ್ಬರ ತಂದೆಯವರ ಕಾರು ನಿಂತಿದೆ. 1947ರ ಎಂಜಿ ಟಿಸಿ, ಎರಡೇ ಆಸನಗಳ ಪುಟ್ಟ ಸ್ಪೋರ್ಟ್ಸ್ ಕಾರು. ತಂದೆಯವರ ಎತ್ತರ 5 ಅಡಿ 4 ಅಂಗುಲ, ಮಗನದು 6 ಅಡಿ 2 ಅಂಗುಲ. ತಂದೆಯವರು ತೀರಿಕೊಂಡ ಮೇಲೆ ಮಗ ಮೊದಲ ಸಲ ಚಾಲಕನ ಆಸನದಲ್ಲಿ ಕುಳಿತಾಗ ನಾವೂ ಪಕ್ಕದಲ್ಲಿ ನಿಂತಿದ್ದೆವು. ಮುಂಗಾಜಿನ ಮೇಲಂಚಿನ ಪಟ್ಟಿ ಅವರ ಕಣ್ಣಿಗೆ ಸರಿಯಾಗಿ ಅಡ್ಡ ಬಂದಿತ್ತು. ಮಡಿಸುವ ಮೇಲುಹೊದಿಕೆ ಏರಿಸಿದರೆ ತಲೆ ಅದಕ್ಕೆ ತಾಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟ ಸಂಗತಿಯೆಂದರೆ, ಆಕ್ಸಿಲರೇಟರಿನಿಂದ ಕಾಲೆತ್ತಿ ಬ್ರೇಕಿನ ಮೇಲಿಡಲು ಹೋದರೆ ಮೊಣಕಾಲು ಸ್ಟೀರಿಂಗ್ ಚಕ್ರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಇದು ಅನನುಕೂಲದ ಮಾತಲ್ಲ, ಪ್ರಾಣದ ಮಾತು. ಮಾರುವುದೇ, ಕತ್ತರಿಸುವುದೇ, ಅಥವಾ ಬಟ್ಟೆ ಹೊದಿಸಿ ಹಾಗೆಯೇ ನಿಲ್ಲಿಸುವುದೇ ಎಂಬ ಪ್ರಶ್ನೆ ಆ ಮನೆಯಲ್ಲಿ ಎದ್ದದ್ದು ಅಂದು.

ಕಾರೊಂದು ಇಷ್ಟು ಇಕ್ಕಟ್ಟಾಗಿರುವುದೇಕೆ? ಸ್ಪೋರ್ಟ್ಸ್ ಕಾರಿನ ಗುಣವೆಲ್ಲ ಹಗುರತನದಲ್ಲಿದೆ. ಟಿಸಿಯ ಎಂಜಿನ್ 1250 ಸಿಸಿಯದು, ಶಕ್ತಿ ಸುಮಾರು 54 ಅಶ್ವಶಕ್ತಿ. ಅಷ್ಟು ಶಕ್ತಿಯಲ್ಲಿ ಚುರುಕಾಗಿ ಓಡಬೇಕಾದರೆ ಮೈ ಚಿಕ್ಕದಿರಬೇಕು, ತಗ್ಗಿರಬೇಕು, ಗಾಳಿಗೆ ಒಡ್ಡುವ ಮುಖ ಕಿರಿದಾಗಿರಬೇಕು. ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ 1945ರಿಂದ 1949ರವರೆಗೆ ಸುಮಾರು 10,000 ಟಿಸಿಗಳು ತಯಾರಾದವು. ಅದರ ಮೈಯ ಒಳಗಟ್ಟು ಆ್ಯಶ್ ಮರದ್ದು, ಹೊರಗೆ ತಗಡಿನ ಹೊದಿಕೆ. ಯುದ್ಧಕ್ಕೆ ಮೊದಲಿನ ಟಿಬಿ ಮಾದರಿಗಿಂತ ಇದರ ಒಳಜಾಗವನ್ನು ತಯಾರಕರು ಸುಮಾರು 4 ಅಂಗುಲ ಅಗಲಿಸಿದ್ದರು. ಸ್ಟೀರಿಂಗ್ ಚಕ್ರವನ್ನು ಹಿಂದೆಮುಂದೆ ಸರಿಸುವ ಏರ್ಪಾಡನ್ನೂ ಇಟ್ಟಿದ್ದರು. ಮೈಗಳು ನಾನಾ ಬಗೆ ಎಂಬುದನ್ನು ಅವರು ಅರಿಯದವರಲ್ಲ. ಆದರೂ ಪ್ರತಿಯೊಂದು ಯಂತ್ರದ ಒಳಗೆ ಕಾಣದ ಮನುಷ್ಯನೊಬ್ಬ ಮೊದಲೇ ಕುಳಿತಿರುತ್ತಾನೆ. ಅವನ ತೊಡೆಯ ಉದ್ದ, ಕಣ್ಣಿನ ಎತ್ತರಗಳನ್ನು ನೋಡಿಯೇ ಉಳಿದೆಲ್ಲವನ್ನೂ ಜೋಡಿಸಿರುತ್ತಾರೆ.

ಆ ಕಾಣದ ಮನುಷ್ಯ ಯಾರೆಂದು ಇಪ್ಪತ್ತನೆಯ ಶತಮಾನ ಬಹಳ ತಲೆ ಕೆಡಿಸಿಕೊಂಡಿತು. ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೇ ತನ್ನ ಮಾಡ್ಯುಲರ್ ಎಂಬ ಅಳತೆಗೆ ಮೊದಲು 175 ಸೆಂಟಿಮೀಟರಿನ ಮನುಷ್ಯನನ್ನು ಆರಿಸಿಕೊಂಡು, ಆಮೇಲೆ 6 ಅಡಿಯವನನ್ನು ತಂದು ನಿಲ್ಲಿಸಿದ. ಲೆಕ್ಕ ಸರಿಹೊಂದಿತು ಎಂಬುದು ಅದಕ್ಕೆ ದೊಡ್ಡ ಕಾರಣ. ನಮ್ಮ ಚಂಡೀಗಢದ ಕಟ್ಟಡಗಳಲ್ಲಿ ಈ 6 ಅಡಿಯ ಮನುಷ್ಯನ ಅಳತೆ ಸೇರಿಕೊಂಡಿದೆ. ಅಮೆರಿಕದ ವಿನ್ಯಾಸಕಾರ ಹೆನ್ರಿ ಡ್ರೈಫಸ್ 1955ರ ತನ್ನ ಪುಸ್ತಕದಲ್ಲಿ ಜೋ ಮತ್ತು ಜೋಸೆಫೀನ್ ಎಂಬ ಇಬ್ಬರು ಕಲ್ಪಿತ ವ್ಯಕ್ತಿಗಳನ್ನು ಮುಂದಿಟ್ಟ. ಯಂತ್ರವೇ ಮನುಷ್ಯನಿಗೆ ಹೊಂದಿಕೊಳ್ಳಬೇಕು ಎಂಬುದು ಅವನ ವಾದ.

ಓಟದ ಕಣದಲ್ಲಿ ಈ ವಾದಕ್ಕೆ ಸೊಗಸಾದ ನಿದರ್ಶನವಿದೆ. ಫೋರ್ಡ್ ಸಂಸ್ಥೆಯ ಜಿಟಿ40 ಕಾರಿನ ಹೆಸರಿನಲ್ಲಿರುವ 40 ಎಂಬುದು ಅದರ ಎತ್ತರ, ಅದೂ ಅಂಗುಲಗಳಲ್ಲಿ. ನಮ್ಮ ಊಟದ ಮೇಜಿಗಿಂತ ಒಂದು ಗೇಣು ಹೆಚ್ಚು, ಅಷ್ಟೆ. ಆ ವಂಶದ ಮಾರ್ಕ್ 4 ಕಾರನ್ನು ಓಡಿಸಬೇಕಾಗಿದ್ದ ಡ್ಯಾನ್ ಗರ್ನಿ 6 ಅಡಿ ದಾಟಿದ ಎತ್ತರದ ಆಳು. ಶಿರಸ್ತ್ರಾಣ ತೊಟ್ಟರೆ ತಲೆಗೆ ಜಾಗವಿಲ್ಲ. ಅವನ ತಲೆಯ ಮೇಲೆ ಬರುವಷ್ಟು ಚಾವಣಿಯನ್ನು ಮಾತ್ರ ಗುಳ್ಳೆಯಂತೆ ಉಬ್ಬಿಸಿದರು. ಅದೇ ಕಾರಿನಲ್ಲಿ ಗರ್ನಿ ಮತ್ತು ಎ.ಜೆ. ಫೋಯ್ಟ್ 1967ರ ಲ ಮಾನ್ 24 ಗಂಟೆಗಳ ಓಟವನ್ನು ಗೆದ್ದರು. ಗೆದ್ದ ಮೇಲೆ ಆ ಗುಳ್ಳೆಯೇ ಕಾರಿನ ಅಂದವೆನಿಸಿಕೊಂಡಿತು.

ಆದರೆ ಅದು ಹೊಸ ಕಾರು, ಹಿಂದೆ ಕಾರ್ಖಾನೆಯಿತ್ತು. ಮಾಟುಂಗದ ಟಿಸಿಯ ಇತಿಹಾಸ ಬೇರೆ. ಮುಂಬಯಿಗೆ ಮೋಟಾರಿನ ಹುಚ್ಚು ಹೊಸದಲ್ಲ. ಪಶ್ಚಿಮ ಭಾರತ ಆಟೋಮೊಬೈಲ್ ಅಸೋಸಿಯೇಶನ್ ಇಲ್ಲಿ ಹುಟ್ಟಿದ್ದು 1919ರಲ್ಲಿ. ಅಮೆರಿಕದ ಜನರಲ್ ಮೋಟಾರ್ಸ್ 1928ರಲ್ಲಿ ಶಿವಡಿಯಲ್ಲಿ ಕಾರು ಜೋಡಿಸತೊಡಗಿತು. ಜೆ.ಆರ್.ಡಿ. ಟಾಟಾ ಅವರು ವಿಮಾನ ಹಾರಿಸುವ ಮೊದಲು ಇದೇ ಊರಿನ ಬೀದಿಗಳಲ್ಲಿ ಬುಗಾಟಿ ಓಡಿಸಿದವರು. ಸ್ವಾತಂತ್ರ್ಯಾನಂತರ ಜುಹೂ ವಿಮಾನಪಟ್ಟಿಯ ಮೇಲೆ ಕಾರುಗಳ ಓಟ ನಡೆಯುತ್ತಿತ್ತು. ಮಿತ್ರರ ತಂದೆಯವರು ಬೇಲಿಯಾಚೆ ನಿಂತು ಅದನ್ನು ನೋಡಿದವರು, ಆ ನೋಟದಿಂದಲೇ ಮುಂದೆ ಈ ಕಾರನ್ನು ಕೊಂಡವರು.

ಅಷ್ಟರಲ್ಲಿ ಬಾಗಿಲುಗಳು ಮುಚ್ಚತೊಡಗಿದ್ದವು. ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವವರಿಗೆ ಇಲ್ಲಿ ಸ್ಥಾನವಿಲ್ಲವೆಂಬ ನೀತಿ 1953ರಲ್ಲಿ ಬಂತು. ಜನರಲ್ ಮೋಟಾರ್ಸ್, ಫೋರ್ಡ್‌ಗಳು ಹೊರಟುಹೋದವು. ಆ ನೀತಿಯನ್ನು ಹಳಿಯುವುದು ಸುಲಭ. ಆದರೆ ಅದರ ಹಿಂದೆ ನಮ್ಮವರೇ ಆದ ವಿಶ್ವೇಶ್ವರಯ್ಯನವರ ಹಂಬಲವೂ ಇತ್ತು. ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಅವರು ಯುರೋಪು ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರು. ವಾಲಚಂದ್ ಹೀರಾಚಂದ್ ಆ ಕನಸನ್ನು ಕೈಗೆತ್ತಿಕೊಂಡು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಅದರ ಕುರ್ಲಾ ಕಾರ್ಖಾನೆಯಿಂದ ಫಿಯಟ್ 1100 ಹೊರಬಂತು, ಮುಂದೆ ಅದೇ ಪದ್ಮಿನಿಯಾಯಿತು.

ಆ ಫಿಯಟ್ಟಿನ ಎಂಜಿನ್ ಟಿಸಿಯದಕ್ಕಿಂತ ಚಿಕ್ಕದು, 1089 ಸಿಸಿ. ಆದರೆ ಅದು ಸಂಸಾರವಂದಿಗರ ಕಾರು. ಚಾವಣಿ ಎತ್ತರ, ಮುಂದಿನ ಆಸನ ಬೆಂಚಿನಂತೆ ಉದ್ದ, ಗೇರಿನ ಹಿಡಿಕೆ ಸ್ಟೀರಿಂಗಿನ ಕಂಬದಲ್ಲಿ. ಕಾಲಿಗೆ ಅಡ್ಡ ಬರುವುದು ಯಾವುದೂ ಇಲ್ಲ. ಪಂಜಾಬಿನ ಆರಡಿ ಸರ್ದಾರ್ಜಿ ಪೇಟದ ಸಮೇತ ಅದರಲ್ಲಿ ಕುಳಿತು ಟ್ಯಾಕ್ಸಿ ಓಡಿಸುವುದನ್ನು, ಗಿಡ್ಡ ಚಾಲಕರು ದಿಂಬಿನ ಮೇಲೆ ದಿಂಬು ಹಾಕಿಕೊಂಡು ಅದೇ ಕಾರು ಓಡಿಸುವುದನ್ನು ನಾವೆಲ್ಲ ಕಂಡಿದ್ದೇವೆ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಮರೆಯಾಯಿತು. ಹೀಗೆ ಊರಿನ ಸಾಮಾನ್ಯರಿಗೆ ಹೊಂದುವ ಕಾರು ಊರಿನಲ್ಲಿಯೇ ತಯಾರಾಯಿತು. ಟಿಸಿಯಂಥ ವಿದೇಶದ ಕಾರುಗಳಿಗೆ ಬದಲಿ ಬರುವುದು ನಿಂತಿತು. ಇದ್ದ ಕೆಲವನ್ನು ಆಪೆರಾ ಹೌಸಿನ ಬಿಡಿಭಾಗದ ಅಂಗಡಿಗಳಿಂದ, ಚೋರ್ ಬಜಾರಿನಿಂದ, ಮಿಸ್ತ್ರಿಗಳ ಕೈಚಳಕದಿಂದ ಬದುಕಿಸಿಕೊಳ್ಳಬೇಕಾಯಿತು. ಅದರಿಂದಾಗಿ ಅಂಥ ಪ್ರತಿಯೊಂದು ಕಾರಿಗೂ ಕೆಡಿಸಿದರೆ ಮತ್ತೆ ಸಿಗದು ಎಂಬ ಬೆಲೆ ಬಂತು.

ಮಿತ್ರರು ಮೊದಲು ಕರೆಸಿದ ಕುಶಲಕರ್ಮಿ ಸೀಸದಕಡ್ಡಿಯಿಂದ ಗುರುತು ಹಾಕಿಯೇಬಿಟ್ಟಿದ್ದ. ಆಸನದ ಕೆಳಗಿನ ಹಲಗೆ ಕತ್ತರಿಸಿ ತಗ್ಗಿಸುವುದು, ಹಿಂದಿನ ಮರದ ಅಡ್ಡಪಟ್ಟಿ ತೆಗೆಯುವುದು ಅವನ ಉಪಾಯ. ಇದು ಪ್ರೊಕ್ರಸ್ಟಸನ ನ್ಯಾಯವೇ, ತಿರುಗುಮುರುಗಾಗಿ: ಈ ಸಲ ಕತ್ತರಿ ಬೀಳುವುದು ಮಂಚಕ್ಕೆ. ಮಿತ್ರರ ತಾಯಿಯವರು ಬಂದು ಗುರುತನ್ನು ನೋಡಿ, "ಇವತ್ತು ಬೇಡಪ್ಪಾ, ನಾಳೆ ನೋಡೋಣ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ನಾಳೆ ಬರಲಿಲ್ಲ.

ಎರಡು ತಿಂಗಳ ಮೇಲೆ ಕುರ್ಲಾದ ವೃದ್ಧ ಮಿಸ್ತ್ರಿಯೊಬ್ಬರು ಬಂದರು. ಗುರುತನ್ನು ಹೆಬ್ಬೆರಳಿನಿಂದ ಒರೆಸಿ ಹಾಕಿದರು. "ಸಾಹೇಬರೇ, ಕತ್ತರಿಸಿದ ಮರ ಮತ್ತೆ ಚಿಗುರುವುದಿಲ್ಲ. ಬಿಚ್ಚಿದ್ದನ್ನಾದರೆ ಮತ್ತೆ ಕೂಡಿಸಬಹುದು" ಎಂದರು ತಮ್ಮ ಹಿಂದಿಯಲ್ಲಿ. ಮಿತ್ರರನ್ನು ಕೂರಿಸಿ ಅಳೆದರು. ದರ್ಜಿಯಂತೆ, ಮೊಣಕಾಲಿನಿಂದ ಹಿಮ್ಮಡಿಗೆ, ಸೊಂಟದಿಂದ ಮೊಣಕಾಲಿಗೆ. ಆಮೇಲೆ ತಂದೆಯವರು ಕೂರುತ್ತಿದ್ದ 4 ಅಂಗುಲ ದಪ್ಪದ ಮೆತ್ತೆಯನ್ನು ಎತ್ತಿ ಪಕ್ಕಕ್ಕಿಟ್ಟು, ತೆಳು ಹಲಗೆಯ ಮೇಲೆ 1 ಅಂಗುಲದ ಗಟ್ಟಿ ಮೆತ್ತೆ ಮಾಡಿಸಿದರು. ತಲೆಗೆ 3 ಅಂಗುಲ ಸಿಕ್ಕಿತು, ಕಣ್ಣು ಪಟ್ಟಿಯಿಂದ ಕೆಳಗಿಳಿಯಿತು. ಆದರೆ ಆಸನ ತಗ್ಗಿದ ಮಾತ್ರಕ್ಕೆ ಮೊಣಕಾಲು ತಗ್ಗುವುದಿಲ್ಲ. ಅದಕ್ಕೆ ಬೆನ್ನೊರಗನ್ನು ಸಾಧ್ಯವಾದಷ್ಟು ಹಿಂದೆ ಸರಿಸಿ, ಸ್ಟೀರಿಂಗ್ ಚಕ್ರವನ್ನು ಮುಂದಕ್ಕೆ ತಳ್ಳಿದರು. ಪೆಡಲುಗಳ ಸಂದು ಕಿರಿದಾದ್ದರಿಂದ ಅಗಲ ಅಟ್ಟೆಯ ಬೂಟು ಬಿಟ್ಟು ತೆಳು ಅಟ್ಟೆಯದು ಧರಿಸಬೇಕೆಂದರು. ಗ್ಯಾರೇಜಿನಲ್ಲಿ ನಿಂತಲ್ಲಿಯೇ ಐವತ್ತು ಸಲ ಬ್ರೇಕ್ ಒತ್ತಿಸಿದರು. ಒಂದು ಸಲವೂ ಮೊಣಕಾಲು ತಗಲದಾದ ಮೇಲೆ ಕೀಲಿಕೈ ಕೊಟ್ಟರು. ಒಂದು ಗರಗಸದ ಗೆರೆಯೂ ಕಾರಿಗೆ ಬೀಳಲಿಲ್ಲ.

ನಾವು ಇದನ್ನು ಒಂದು ಸಣ್ಣ ಇತಿಹಾಸಪಾಠವೆಂದೇ ತಿಳಿಯುತ್ತೇವೆ. ಹಿಂದಿನವರು ಬಿಟ್ಟುಹೋದದ್ದು ನಮ್ಮ ಮೈಗೆ ಹೊಂದುವುದು ಅಪರೂಪ. ಅದು ಮನೆಯಿರಲಿ, ಆಚಾರವಿರಲಿ, ಭಾಷೆಯಿರಲಿ. ಕತ್ತರಿಸಿದರೆ ಅದು ನಮ್ಮದಾಗುತ್ತದೆ, ಅವರದಾಗಿ ಉಳಿಯುವುದಿಲ್ಲ. ಮುಟ್ಟದೆ ಬಟ್ಟೆ ಹೊದಿಸಿಟ್ಟರೆ ಯಾರದೂ ಆಗುವುದಿಲ್ಲ. ನಡುವಿನ ದಾರಿಯೊಂದಿದೆ: ಮರಳಿ ಕೂಡಿಸಬಹುದಾದದ್ದನ್ನು ಮಾತ್ರ ಬಿಚ್ಚುವುದು, ಉಳಿದದ್ದಕ್ಕೆ ನಾವೇ ತುಸು ಬಗ್ಗುವುದು. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವರಾಗಿ ಕುಳಿತು ದಿನವೂ ಕಚೇರಿಗೆ ಹೋಗುವ ಈ ಊರಿನ ಲೋಕಲ್ ಪ್ರಯಾಣಿಕರಿಗೆ ಈ ವಿದ್ಯೆಯನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ, ಬೆಳಕು ಹರಿಯುವ ಮುನ್ನ, ಮಿತ್ರರು ತಾಯಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಟುಂಗದಿಂದ ಶಿವಾಜಿ ಪಾರ್ಕಿನವರೆಗೆ ಹೋಗಿಬಂದರು. ಇಳಿಯುವಾಗ ತಾಯಿಯವರು, "ಅವರು ಇಷ್ಟು ಕೆಳಗೆ ಕೂರುತ್ತಿರಲಿಲ್ಲ" ಎಂದರಂತೆ. ಹಳೆಯ ಮೆತ್ತೆ ಈಗ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿದೆ. ಮಿತ್ರರ ಮಗಳಿಗೆ ಈಗ ಹದಿನಾರು. ತಾತನ ಎತ್ತರವೇ ಬಂದಿದೆಯೆಂದು ಮನೆಯವರು ಹೇಳುತ್ತಾರೆ.