ಪಕ್ಕವಾದ್ಯದವರ ಪಾಲು

2009ರ ಜುಲೈ 30ರಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಾಧೀಶರು ಒಂದು ಹಾಡಿನ ಬಗ್ಗೆ ತೀರ್ಪು ನೀಡಿದರು. ಆಗ ಆ ದೇಶಕ್ಕೆ ಅದೇ ಸರ್ವೋಚ್ಚ ನ್ಯಾಯಪೀಠ. ಹಾಡು ಹೊರಬಂದು ಅಷ್ಟರಲ್ಲಾಗಲೇ 42 ವರ್ಷಗಳಾಗಿದ್ದವು. ಪ್ರೋಕಲ್ ಹಾರಮ್ ಎಂಬ ತಂಡ 1967ರಲ್ಲಿ ಹಾಡಿದ ‘ಎ ವೈಟರ್ ಶೇಡ್ ಆಫ್ ಪೇಲ್’ ಆ ಹಾಡು. ಅದನ್ನು ಒಮ್ಮೆ ಕೇಳಿದವರಿಗೆ ಮೊದಲು ನೆನಪಾಗುವುದು ಅದರ ಸಾಹಿತ್ಯವಲ್ಲ. ಆರಂಭದಲ್ಲೇ ನಿಧಾನವಾಗಿ ಹರಿದು ಬರುವ ಆರ್ಗನ್ನಿನ ನಾದ. ಆ ಆರ್ಗನ್ ನುಡಿಸಿದವನಿಗೆ ಹಾಡಿನಲ್ಲಿ ಪಾಲು ಉಂಟೆ, ಇಲ್ಲವೆ? ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಇದು.

ಮೇಲುನೋಟಕ್ಕೆ ಇದು ಹಣಕ್ಕಾಗಿ ಹೂಡಿದ ಒಂದು ದಾವೆ ಮಾತ್ರ. ಆದರೆ ಕೀಬೋರ್ಡ್ ಮುಂದೆ ಕುಳಿತು ಹಳೆಯ ರಾಕ್ ಹಾಡುಗಳನ್ನು ಕಲಿಯಲು ಹೊರಡುವ ಯಾರೇ ಆಗಲಿ, ತಿಳಿದೋ ತಿಳಿಯದೆಯೋ, ಇದೇ ಪ್ರಶ್ನೆಯನ್ನು ಎದುರಿಸುತ್ತಾರೆ.

ಪುಸ್ತಕದಲ್ಲಿ ಇಲ್ಲದ ಪಾಠ

ರಾಕ್ ಎಂದೊಡನೆ ಕಣ್ಣಿಗೆ ಕಟ್ಟುವುದು ಗಿಟಾರ್. ಅದನ್ನು ಕೊರಳಿಗೆ ನೇತುಹಾಕಿಕೊಂಡು ವೇದಿಕೆಯ ತುಂಬ ಓಡಾಡಬಹುದು. ಪಿಯಾನೊ ನುಡಿಸುವವನು ಕುಳಿತಲ್ಲೇ ಕುಳಿತಿರಬೇಕು, ಅದೂ ಹೆಚ್ಚಾಗಿ ಹಿಂದಿನ ಸಾಲಿನಲ್ಲಿ. ಆದರೂ 1955ರಿಂದ ಸುಮಾರು ಮೂವತ್ತು ವರ್ಷಗಳ ಪ್ರಸಿದ್ಧ ಹಾಡುಗಳನ್ನು ಒಂದೊಂದಾಗಿ ಕೇಳುತ್ತ ಹೋದರೆ, ಅವುಗಳಲ್ಲಿ ಎಷ್ಟೋ ಹಾಡುಗಳ ಗುರುತು ಕರಿಬಿಳಿ ಮನೆಗಳಿಂದಲೇ ಹುಟ್ಟಿದ್ದು ಎಂದು ತಿಳಿಯುತ್ತದೆ.

ಈ ಹಾಡುಗಳನ್ನು ಕಲಿಯುವವನು ಮೊದಲು ಅಂಗಡಿಗೆ ಹೋಗಿ ಸ್ವರಲಿಪಿಯ ಪುಸ್ತಕ ತರುತ್ತಾನೆ. ಸರಳವಾದ ಅಂಥ ಪುಸ್ತಕಗಳಲ್ಲಿ ಇರುವುದು ಮೂರೇ ಸಂಗತಿ: ಹಾಡಿನ ಸಾಹಿತ್ಯ, ಹಾಡುಗಾರ ಹಾಡುವ ಧಾಟಿ, ಅದರ ನೆತ್ತಿಯ ಮೇಲೆ ಕಾರ್ಡ್‌ಗಳ ಹೆಸರು. ಪಿಯಾನೊ ನುಡಿಸಿದವನು ನಿಜವಾಗಿ ಏನು ನುಡಿಸಿದ, ಎಲ್ಲಿ ತಡೆದ, ಎಲ್ಲಿ ಮೌನವಾಗಿದ್ದ ಎಂಬುದು ಅಲ್ಲಿ ಸಿಗುವುದಿಲ್ಲ. ಅದನ್ನು ಧ್ವನಿಮುದ್ರಿಕೆ ಕೇಳಿಯೇ ಹಿಡಿಯಬೇಕು. ನಮ್ಮ ಸಂಗೀತದಲ್ಲಿ ಪಾಠಾಂತರ ಗುರುಮುಖದಿಂದ ಬರುತ್ತದೆ. ಇಲ್ಲಿ ಧ್ವನಿಮುದ್ರಿಕೆಯೇ ಗುರು.

ಕಾನೂನು ಮತ್ತು ವ್ಯಾಪಾರ ನೋಡುತ್ತಿದ್ದುದು ಮಾತ್ರ ಮೊದಲಿನ ಆ ಹಾಳೆಯನ್ನೇ. ಸಾಹಿತ್ಯ ಬರೆದವನು, ಧಾಟಿ ಕಟ್ಟಿದವನು ಹಾಡಿನ ಒಡೆಯರು; ಹಾಡು ಮಾರಾಟವಾದಷ್ಟು ಕಾಲವೂ ಅವರಿಗೆ ರಾಯಧನ ಬರುತ್ತದೆ. ಸ್ಟುಡಿಯೋದಲ್ಲಿ ಕುಳಿತು ಉಳಿದುದನ್ನು ಕಟ್ಟಿದವರಿಗೆ ಸಾಮಾನ್ಯವಾಗಿ ಆ ದಿನದ ಕೂಲಿ. ಅವರು ಮಾಡಿದ್ದು ‘ರಚನೆ’ಯಲ್ಲ, ಬರೀ ‘ಅಲಂಕಾರ’ ಎಂಬುದು ಸಾಮಾನ್ಯ ನಂಬಿಕೆ.

ಗಿಟಾರಿನವನಿಗೆ ಒಗ್ಗದ ಶ್ರುತಿ

ಈ ನಂಬಿಕೆಗೆ ಸಿಕ್ಕಿದ ಮೊದಲಿಗರಲ್ಲಿ ಒಬ್ಬ ಜಾನಿ ಜಾನ್ಸನ್. ಅಮೆರಿಕದ ಸೇಂಟ್ ಲೂಯಿಸ್ ಪ್ರದೇಶದಲ್ಲಿ ಮೂವರ ಸಣ್ಣದೊಂದು ತಂಡ ನಡೆಸುತ್ತಿದ್ದ ಪಿಯಾನೊ ವಾದಕ ಈತ. 1952ರ ಕೊನೆಯ ರಾತ್ರಿ ಹೊಸ ವರ್ಷದ ಕಾರ್ಯಕ್ರಮಕ್ಕೆ ಸ್ಯಾಕ್ಸೊಫೋನ್ ವಾದಕ ಕಾಯಿಲೆ ಬಿದ್ದು ಬರಲಾಗಲಿಲ್ಲ. ಬದಲಿಗೆ ಜಾನ್ಸನ್ ಕರೆತಂದದ್ದು ಚಕ್ ಬೆರಿ ಎಂಬ ಗಿಟಾರ್ ವಾದಕನನ್ನು. ಮೂರು ವರ್ಷಗಳಲ್ಲಿ ‘ಮೇಬಲೀನ್’ ಹಾಡು ಬೆರಿಯನ್ನು ದೇಶಕ್ಕೆಲ್ಲ ಪರಿಚಯಿಸಿತು, ತಂಡವೂ ಬೆರಿಯದಾಯಿತು. ಹಾಡುಗಳ ಕರ್ತೃವಾಗಿ ಅಚ್ಚಾದದ್ದು ಬೆರಿಯ ಹೆಸರು.

ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಬೆರಿಯ ಪರಮ ಭಕ್ತ. ಆತ ಒಂದು ಸೂಕ್ಷ್ಮವನ್ನು ಗುರುತಿಸಿದ. ಗಿಟಾರಿನ ಬಿಡಿ ತಂತಿಗಳಿಗೆ ಒಗ್ಗುವುದು ‘ಇ’, ‘ಎ’ಯಂಥ ಶ್ರುತಿಗಳು. ಬೆರಿಯ ಎಷ್ಟೋ ಹಾಡುಗಳಾದರೋ ‘ಬಿ ಫ್ಲ್ಯಾಟ್’, ‘ಇ ಫ್ಲ್ಯಾಟ್’ನಲ್ಲಿವೆ. ಇವು ಪಿಯಾನೊ ಮತ್ತು ಸ್ಯಾಕ್ಸೊಫೋನ್‌ನವರ ಶ್ರುತಿಗಳು. ಅಂದಮೇಲೆ ಆ ಹಾಡುಗಳು ಜಾನ್ಸನ್ನನ ಪಿಯಾನೊ ಸುತ್ತ ಬೆಳೆದಿರಬೇಕು ಎಂಬುದು ರಿಚರ್ಡ್ಸ್‌ನ ತರ್ಕ. ಬೆರಿಯ 60ನೆಯ ಹುಟ್ಟುಹಬ್ಬಕ್ಕೆ 1986ರಲ್ಲಿ ಕಛೇರಿ ಏರ್ಪಡಿಸಿದಾಗ ಆತ ಜಾನ್ಸನ್ನನನ್ನೂ ಕರೆಸಿದ. ಆ ಹೊತ್ತಿಗೆ ಜಾನ್ಸನ್ ಸೇಂಟ್ ಲೂಯಿಸ್‌ನಲ್ಲಿ ವೃದ್ಧರನ್ನು ಕರೆದೊಯ್ಯುವ ಬಸ್ಸಿನ ಚಾಲಕನಾಗಿ ದುಡಿಯುತ್ತಿದ್ದ.

2000ದಲ್ಲಿ ಜಾನ್ಸನ್ ಐವತ್ತಕ್ಕೂ ಹೆಚ್ಚು ಹಾಡುಗಳಲ್ಲಿ ಪಾಲು ಕೇಳಿ ಬೆರಿಯ ಮೇಲೆ ದಾವೆ ಹೂಡಿದ. 2002ರಲ್ಲಿ ಅದು ವಜಾ ಆಯಿತು. ಆತ ಹೇಳಿದ್ದು ಸುಳ್ಳು ಎಂದು ನ್ಯಾಯಾಲಯ ಹೇಳಲಿಲ್ಲ. ಕೇಳಲು ತೀರ ತಡವಾಯಿತು ಎಂದಿತು. ಮೂರು ವರ್ಷಗಳ ನಂತರ ಜಾನ್ಸನ್ ತೀರಿಕೊಂಡ.

ಆರನೆಯವನು ಬೇಡ

ಅಟ್ಲಾಂಟಿಕ್ಕಿನ ಈಚೆ ದಡದಲ್ಲಿಯೂ ಕಥೆ ಬೇರೆಯಾಗಿರಲಿಲ್ಲ. 1962ರಲ್ಲಿ ಬ್ರಯಾನ್ ಜೋನ್ಸ್ ಹೊಸ ತಂಡಕ್ಕೆ ವಾದಕರು ಬೇಕೆಂದು ಜಾಹೀರಾತು ಕೊಟ್ಟಾಗ ಮೊದಲು ಬಂದು ಸೇರಿದವನು ಇಯಾನ್ ಸ್ಟೀವರ್ಟ್ ಎಂಬ ಪಿಯಾನೊ ವಾದಕ. ಆ ತಂಡವೇ ರೋಲಿಂಗ್ ಸ್ಟೋನ್ಸ್. ಮರುವರ್ಷ ಬಂದ ವ್ಯವಸ್ಥಾಪಕನಿಗೆ ಆರು ಮಂದಿ ಹೆಚ್ಚೆನಿಸಿತು. ಸ್ಟೀವರ್ಟ್‌ನ ಚಹರೆಯೂ ಚಿತ್ರಕ್ಕೆ ಹೊಂದಲಿಲ್ಲವಂತೆ. ಸ್ಟೀವರ್ಟ್‌ನನ್ನು ಕೈಬಿಟ್ಟು ಐವರನ್ನು ಉಳಿಸಿಕೊಂಡರು. ಆತ ಮುನಿಸಿಕೊಂಡು ಹೋಗಲಿಲ್ಲ. ತಂಡದ ಸಾಮಾನು ಸಾಗಿಸುತ್ತ, ವ್ಯಾನು ಓಡಿಸುತ್ತ, ಸ್ಟುಡಿಯೋದಲ್ಲಿ ಪಿಯಾನೊ ನುಡಿಸುತ್ತ 1985ರಲ್ಲಿ ಸಾಯುವವರೆಗೂ ಜೊತೆಯಲ್ಲೇ ಇದ್ದ.

ಸ್ಟೀವರ್ಟ್‌ಗೆ ತನ್ನದೇ ಹಟವೂ ಇತ್ತು. ಬೂಗಿ ವೂಗಿ ಶೈಲಿಯ ಆತನಿಗೆ ಮೈನರ್ ಕಾರ್ಡ್‌ಗಳೆಂದರೆ ಆಗದು. ಅವು ಬಂದಲ್ಲಿ ಕೈ ಎತ್ತಿಬಿಡುತ್ತಿದ್ದ. 1969ರಲ್ಲಿ ‘ವೈಲ್ಡ್ ಹಾರ್ಸಸ್’ ಧ್ವನಿಮುದ್ರಣವಾಗುವಾಗ ಅದೇ ಕಾರಣಕ್ಕೆ ಪಿಯಾನೊ ಮುಂದೆ ಜಿಮ್ ಡಿಕಿನ್ಸನ್ ಎಂಬಾತ ಕೂರಬೇಕಾಯಿತು. ಅದೇ ತಂಡದ ‘ಶೀ ಇಸ್ ಎ ರೇನ್‌ಬೋ’ (1967) ಹಾಡಿಗೆ ಪಿಯಾನೊ ನುಡಿಸಿದ್ದು ನಿಕಿ ಹಾಪ್ಕಿನ್ಸ್. ಬೀಟಲ್ಸ್‌ನ 1968ರ ‘ರೆವಲ್ಯೂಷನ್’ನಲ್ಲಿ, ಜಾನ್ ಲೆನನ್‌ನ ‘ಜೆಲಸ್ ಗೈ’ಯಲ್ಲಿ (1971) ಕೇಳುವುದೂ ಹಾಪ್ಕಿನ್ಸ್‌ನದೇ ಬೆರಳು. ಕರುಳಿನ ದೀರ್ಘ ಕಾಯಿಲೆಯಿಂದಾಗಿ ಊರೂರು ಸುತ್ತುವುದು ಆತನಿಗೆ ಕಷ್ಟವಿತ್ತು. ಹಾಗಾಗಿ ಸ್ಟುಡಿಯೋಗಳಲ್ಲೇ ಹೆಚ್ಚಿನ ದುಡಿಮೆ. ಕೀಬೋರ್ಡ್ ಕಲಿಯುವವನ ಪಟ್ಟಿಯಲ್ಲಿ ಹಾಪ್ಕಿನ್ಸ್ ನುಡಿಸಿದ ಹಾಡು ಒಂದಾದರೂ ಇದ್ದೇ ಇರುತ್ತದೆ. ಆತನ ಹೆಸರು ಬಲ್ಲವರು ಎಷ್ಟು ಮಂದಿ?

ಚರ್ಚಿನ ವಾದ್ಯ, ರಾಕ್ ವೇದಿಕೆ

ಪಿಯಾನೊದವರು ಹಿಂದೆ ಉಳಿದದ್ದಕ್ಕೆ ಇನ್ನೊಂದು ಕಾರಣ ವಾದ್ಯವೇ. ವಿದ್ಯುತ್ ಗಿಟಾರಿನ ಅಬ್ಬರದಲ್ಲಿ ಪಿಯಾನೊ ಕೇಳುತ್ತಿರಲಿಲ್ಲ, ಹೊತ್ತೊಯ್ಯಲೂ ಆಗುತ್ತಿರಲಿಲ್ಲ. ಈ ಸ್ಥಿತಿ ಬದಲಾಯಿಸಿದ ವಾದ್ಯಗಳಲ್ಲಿ ಹ್ಯಾಮಂಡ್ ಆರ್ಗನ್ ಮುಖ್ಯವಾದುದು. 1935ರಲ್ಲಿ ಮಾರುಕಟ್ಟೆಗೆ ಬಂದ ಇದನ್ನು ಕೊಳವೆಗಳ ದೊಡ್ಡ ಆರ್ಗನ್ ಕೊಳ್ಳಲಾಗದ ಚರ್ಚುಗಳು ಕೊಂಡವು. ಇದರೊಳಗೆ ಅಂಚು ಕಚ್ಚುಕಚ್ಚಾದ ಲೋಹದ ಪುಟ್ಟ ಚಕ್ರಗಳು ಅಯಸ್ಕಾಂತದ ಮುಂದೆ ತಿರುಗುತ್ತವೆ; ಒಂದೊಂದು ಚಕ್ರದ ವೇಗ ಮತ್ತು ಕಚ್ಚುಗಳ ಎಣಿಕೆಯಂತೆ ಒಂದೊಂದು ಸ್ವರ. ಇದಕ್ಕೆ ಡಾನ್ ಲೆಸ್ಲಿ ಎಂಬಾತ ತಿರುಗುವ ಸ್ಪೀಕರ್ ಜೋಡಿಸಿದ. ಕೂಗುತ್ತ ಹಾದುಹೋಗುವ ರೈಲಿನ ಶಿಳ್ಳೆ ಹತ್ತಿರವಾದಾಗ ಏರಿ ದೂರವಾದಾಗ ಇಳಿಯುವುದಿಲ್ಲವೆ? ಅದೇ ತತ್ತ್ವದಿಂದ ಆರ್ಗನ್ನಿನ ನಾದಕ್ಕೆ ಅಲೆಯಾಡುವ ಗುಣ ಬಂತು. ಭಕ್ತಿಗೀತೆಗಳಿಂದ ಜಾಝ್‌ಗೆ, ಅಲ್ಲಿಂದ ರಾಕ್‌ಗೆ ಅದು ನಡೆದು ಬಂತು.

1965ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಬಾಬ್ ಡಿಲನ್‌ನ ‘ಲೈಕ್ ಎ ರೋಲಿಂಗ್ ಸ್ಟೋನ್’ ಧ್ವನಿಮುದ್ರಣ ನಡೆದಿತ್ತು. ಗಿಟಾರ್ ನುಡಿಸುವ ಆಸೆಯಿಂದ ಬಂದಿದ್ದ 21ರ ಯುವಕ ಅಲ್ ಕೂಪರ್, ತನಗಿಂತ ಸಮರ್ಥನೊಬ್ಬ ಗಿಟಾರ್ ಹಿಡಿದದ್ದು ಕಂಡು ಸುಮ್ಮನಾದ. ಆರ್ಗನ್‌ನಲ್ಲಿದ್ದವನು ಪಿಯಾನೊಗೆ ಹೋದಾಗ ಖಾಲಿ ಜಾಗದಲ್ಲಿ ಹೋಗಿ ಕುಳಿತ. ಆರ್ಗನ್ ಆತನಿಗೆ ಅಷ್ಟಾಗಿ ಬಾರದು. ಉಳಿದವರು ಕಾರ್ಡ್ ಬದಲಿಸಿದ್ದನ್ನು ಖಚಿತ ಮಾಡಿಕೊಂಡು ಒಂದು ಕ್ಷಣ ತಡವಾಗಿ ಒತ್ತುತ್ತ ಹೋದ. ನಿರ್ಮಾಪಕ ಬೇಡವೆಂದರೂ ಡಿಲನ್ ಆರ್ಗನ್ನಿನ ಧ್ವನಿ ಏರಿಸಲು ಹೇಳಿದ. ಇಂದು ಆ ಹಾಡು ಕಲಿಯುವವನು ಸ್ವರಗಳ ಜೊತೆಗೆ ಆ ತಡವನ್ನೂ ಕಲಿಯಬೇಕು. ಅದಿಲ್ಲದಿದ್ದರೆ ಅದು ಆ ಹಾಡೇ ಅಲ್ಲ. ಯಾವ ಹಾಳೆಯಲ್ಲೂ ಬರೆದಿರದ ಒಬ್ಬ ಹುಡುಗನ ಅಳುಕು ಹಾಡಿನ ಅಂಗವಾಗಿಬಿಟ್ಟಿದೆ.

ಎಂಟು ಆವರ್ತಗಳ ಬೆಲೆ

ಇನ್ನು ಮೊದಲು ಹೇಳಿದ ದಾವೆಗೆ ಬರೋಣ. 1967ರ ವಸಂತದಲ್ಲಿ ಪ್ರೋಕಲ್ ಹಾರಮ್ ಸೇರಿದಾಗ ಮ್ಯಾಥ್ಯೂ ಫಿಶರ್‌ಗೆ 21 ವರ್ಷ. ಹಾಡಿನ ಸಾಹಿತ್ಯ ಕೀತ್ ರೀಡ್‌ನದು. ಹಾಡುಗಾರ ಗ್ಯಾರಿ ಬ್ರೂಕರ್ ಧಾಟಿ ಕಟ್ಟಿದ್ದ. ಬಾಕ್‌ನ ಸಂಗೀತವನ್ನು ನೆನಪಿಸುವ, ಮೆಟ್ಟಿಲಿಳಿಯುವಂಥ ಮಂದ್ರಸ್ವರಗಳೂ ಕಾರ್ಡ್‌ಗಳೂ ಆತನವೇ. ಅವುಗಳ ಮೇಲೆ ಎಂಟು ಆವರ್ತಗಳ ಆರ್ಗನ್ ಸ್ವರಧಾರೆಯನ್ನು ಕಟ್ಟಿದ್ದು ಫಿಶರ್. ಮೇ ತಿಂಗಳಲ್ಲಿ ಬಂದ ಹಾಡು ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಕರ್ತೃಗಳ ಜಾಗದಲ್ಲಿ ಇದ್ದದ್ದು ಬ್ರೂಕರ್ ಮತ್ತು ರೀಡ್ ಹೆಸರು.

ಫಿಶರ್ ದಾವೆ ಹೂಡಿದ್ದು 2005ರಲ್ಲಿ, 38 ವರ್ಷಗಳ ನಂತರ. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಕೇಂಬ್ರಿಜ್‌ನಲ್ಲಿ ಕಾನೂನಿನ ಜೊತೆ ಸಂಗೀತವನ್ನೂ ಓದಿದವರು. 2006ರ ಡಿಸೆಂಬರ್‌ನಲ್ಲಿ ಅವರು ಫಿಶರ್ ಹಾಡಿನ ಸಹಕರ್ತೃ ಎಂದು ಸಾರಿ, ಸಂಗೀತದ ಹಕ್ಕಿನಲ್ಲಿ ಶೇ. 40 ಪಾಲು ಕೊಟ್ಟರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಸಹಕರ್ತೃ ಎಂಬ ಹೆಸರನ್ನು ಉಳಿಸಿ ಹಣವನ್ನು ಕಿತ್ತುಕೊಂಡಿತು; ಇಷ್ಟು ವರ್ಷ ಸುಮ್ಮನಿದ್ದದ್ದೇ ತಪ್ಪಾಯಿತು. ಹೌಸ್ ಆಫ್ ಲಾರ್ಡ್ಸ್‌ನ ಐವರೂ ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ಇಂಥ ಹಕ್ಕು ಕೇಳಲು ಇಂಗ್ಲೆಂಡಿನ ಕಾನೂನಿನಲ್ಲಿ ಕಾಲಮಿತಿ ಇಲ್ಲ. ತಡವಾದದ್ದರಿಂದ ಎದುರು ಪಕ್ಷಕ್ಕೆ ನಷ್ಟಕ್ಕಿಂತ ಲಾಭವೇ ಆಗಿದೆಯಲ್ಲ, ಅಷ್ಟೂ ವರ್ಷ ಹಂಚದೆ ಅನುಭವಿಸಿದರಲ್ಲ ಎಂಬುದೂ ನ್ಯಾಯಾಧೀಶರ ಗಮನಕ್ಕೆ ಬಂತು. ಆದರೆ ಫಿಶರ್‌ಗೆ ಪಾಲು ಸಿಕ್ಕಿದ್ದು 2005ರಿಂದೀಚಿನ ಗಳಿಕೆಯಲ್ಲಿ ಮಾತ್ರ.

ತಡವೆಂಬ ಒಂದೇ ಕಾರಣ ಜಾನ್ಸನ್ನನನ್ನು ಸೋಲಿಸಿತು, ಫಿಶರ್‌ನನ್ನು ಸೋಲಿಸಲಾಗಲಿಲ್ಲ. ವ್ಯತ್ಯಾಸ ಅವರ ಪ್ರತಿಭೆಯಲ್ಲಿಲ್ಲ, ದೇಶದ ಕಾನೂನಿನಲ್ಲಿದೆ.

ಹಾಗೆಂದು ಎಲ್ಲರೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಡೋರ್ಸ್ ತಂಡ ‘ಲೈಟ್ ಮೈ ಫೈರ್’ (1967) ಹಾಡಿಗೆ ಕರ್ತೃವಾಗಿ ಹಾಕಿದ್ದು ಇಡೀ ತಂಡದ ಹೆಸರು. ಮುಖ್ಯವಾಗಿ ಬರೆದವನು ಗಿಟಾರಿನ ರಾಬಿ ಕ್ರೀಗರ್. ಬಲಗೈಯಲ್ಲಿ ಆರ್ಗನ್, ಎಡಗೈಯಲ್ಲಿ ಮಂದ್ರಸ್ವರ ನುಡಿಸುತ್ತ ವೇದಿಕೆ ತುಂಬುತ್ತಿದ್ದ ರೇ ಮನ್ಝಾರೆಕ್‌ಗೂ ಅದರಿಂದ ಪಾಲು ಸಿಕ್ಕಿತು. 1969ರಲ್ಲಿ ಬೀಟಲ್ಸ್ ‘ಗೆಟ್ ಬ್ಯಾಕ್’ ತಟ್ಟೆಯ ಮೇಲೆ ವಿದ್ಯುತ್ ಪಿಯಾನೊ ನುಡಿಸಿದ ಬಿಲ್ಲಿ ಪ್ರೆಸ್ಟನ್‌ನ ಹೆಸರನ್ನು ತಂಡದ ಹೆಸರಿನ ಜೊತೆಗೇ ಅಚ್ಚು ಹಾಕಿಸಿದರು. ಹಾಡಿನ ಒಡೆತನ ಮಾತ್ರ ಲೆನನ್–ಮೆಕಾರ್ಟ್ನಿ ಅವರಲ್ಲೇ ಉಳಿಯಿತು. ಹೆಸರು ಕೊಡುವುದು, ಪಾಲು ಕೊಡುವುದು ಎರಡೂ ಒಂದೇ ಅಲ್ಲ.

ಇದು ನಮಗೆ ಸಂಬಂಧಿಸದ ಮಾತೂ ಅಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ವಾದಕರಿಗೆ, ಹಾಡುಗಾರರಿಗೆ ಪ್ರದರ್ಶಕರೆಂಬ ನೆಲೆಯಲ್ಲಿ ಹಕ್ಕು ಇರಲಿಲ್ಲ. ಅದು ಸೇರಿದ್ದು 1994ರ ತಿದ್ದುಪಡಿಯಿಂದ, ಬಲಗೊಂಡದ್ದು 2012ರಲ್ಲಿ. ಅದಕ್ಕೂ ಹಿಂದಿನ ನಮ್ಮ ಸಿನಿಮಾ ಹಾಡುಗಳ ತಟ್ಟೆಗಳನ್ನು ತೆಗೆದು ನೋಡಿ. ಸಂಗೀತ ನಿರ್ದೇಶಕರು, ಕವಿ, ಗಾಯಕರು ಇದ್ದಾರೆ. ಕೊಳಲಿನವರು, ಆರ್ಗನ್ನಿನವರು ಸಿಗುವುದು ಅಪರೂಪ.

2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಜನ ನೋಡಿದ್ದು ಮಿಕ್ ಜಾಗರ್‌ನನ್ನು, ರಿಚರ್ಡ್ಸ್‌ನನ್ನು. ಅಂದು ಕೀಬೋರ್ಡ್‌ಗಳ ಹಿಂದೆ ಚಕ್ ಲೆವೆಲ್ ಇದ್ದ. 1982ರಿಂದ ತಂಡದ ಜೊತೆ ನುಡಿಸುತ್ತಿದ್ದರೂ ಆತ ಅಧಿಕೃತ ಸದಸ್ಯನಲ್ಲ. ಇಯಾನ್ ಸ್ಟೀವರ್ಟ್‌ನ ಪ್ರೋತ್ಸಾಹ ಪಡೆದು ಬಂದವನು. 1989ರ ಪ್ರವಾಸದಿಂದ ಆತ ತಂಡದ ಹಾಡುಗಳ ಕಾರ್ಡ್, ಶ್ರುತಿ, ಗತಿಗಳನ್ನು ಕೈಯಾರೆ ಬರೆದಿಡುತ್ತ ಬಂದಿದ್ದಾನೆ. ಅಕಾರಾದಿಯಾಗಿ ಜೋಡಿಸಿದ ಆ ಬರಹ ಎರಡು ದಪ್ಪ ಸಂಪುಟಗಳಾಗಿವೆ. ಹಾಡು ಕಟ್ಟಿದವರಿಗೇ ಮರೆತುಹೋದದ್ದು ಅದರಲ್ಲಿ ಸಿಗುತ್ತದೆ.

ಹೊಸದಾಗಿ ಕಲಿಯುವವರೂ ಅಂಥದೊಂದು ಪುಸ್ತಕ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಪುಟದಲ್ಲಿ ಜಾನ್ಸನ್ನನ ಶ್ರುತಿ, ಇನ್ನೊಂದರಲ್ಲಿ ಕೂಪರ್‌ನ ತಡ, ಮತ್ತೊಂದರಲ್ಲಿ ಫಿಶರ್‌ನ ಎಂಟು ಆವರ್ತಗಳು. ಹಾಡಿನ ಹೆಸರಿನ ಪಕ್ಕ ನುಡಿಸಿದವರ ಹೆಸರನ್ನೂ ಬರೆದುಕೊಳ್ಳಲಿ. ಅದಕ್ಕೆ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಕಿಲ್ಲ.