ಪರಿಸರ ರಸಾಯನಶಾಸ್ತ್ರ ಪ್ರಯೋಗಾಲಯಗಳ ಬೇಸಿಗೆ ಇಂಟರ್ನ್‌ಶಿಪ್: ಕೊಚ್ಚಿ, ತಿರುವನಂತಪುರ

ಬೇಸಿಗೆ ಇಂಟರ್ನ್‌ಶಿಪ್ ಎಂದರೆ, ಕಾಲೇಜಿಗೆ ರಜೆ ಬಿದ್ದ ಮೇಲೆ ವಿಜ್ಞಾನ ವಿದ್ಯಾರ್ಥಿಗಳು ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲವು ವಾರ ಕಳೆದು, ನೀರು, ಮಣ್ಣು, ಗಾಳಿಯ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸುವುದನ್ನು ಕಲಿಯುವ ಏರ್ಪಾಡು. ಅದೇ ವಿದ್ಯೆಯನ್ನು ಶಾಲಾ ಮಕ್ಕಳಿಗೂ ಊರಿನವರಿಗೂ ತಲುಪಿಸುವ ಕೆಲಸ ಇದರ ಇನ್ನೊಂದು ಮುಖ. ಕೇರಳದಲ್ಲಿ ಇವೆರಡನ್ನೂ ಬೇರೆ ಮಾಡಿ ನೋಡುವುದು ಕಷ್ಟ. ಅಲ್ಲಿ ಮನೆಮನೆಗೂ ಬಾವಿ. ಜಂಬಿಟ್ಟಿಗೆ ನೆಲದ ನೀರು ಹಲವೆಡೆ ಆಮ್ಲೀಯ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗೆ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ತನ್ನ ಬಾವಿಯ ನೀರು ಆ ಮಿತಿಯೊಳಗಿದೆಯೇ ಎಂದು ತಿಳಿಯುವ ಹಕ್ಕು ಅದನ್ನು ಸೇದಿ ಕುಡಿಯುವ ಮನೆಯದು.

ತಿರುವನಂತಪುರದ ಪಾಪ್ಪನಂಕೋಡಿನಲ್ಲಿರುವ, ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ (ಸಿಎಸ್‌ಐಆರ್) ಸಂಸ್ಥೆ 'ನಿಸ್ಟ್' 1975ರಲ್ಲಿ ಶುರುವಾಯಿತು. ಬಹುಕಾಲ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವೆಂದು ಕರೆಸಿಕೊಂಡು 2007ರಲ್ಲಿ ಈಗಿನ ಹೆಸರು ಪಡೆಯಿತು. ಆಕ್ಕುಳಂನ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ 1978ರದು. ಕೊಚ್ಚಿಯಲ್ಲಿ 1971ರಲ್ಲಿ ಸ್ಥಾಪನೆಯಾದ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ (ಕುಸಾಟ್), ಪನಂಗಾಡಿನ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯ, ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇವೆ. ಮೂರು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ, ಬೆಂಗಳೂರಿನಿಂದ ನಡೆಯುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ದೇಶದ ಇಂಥ ಪ್ರಯೋಗಾಲಯಗಳಿಗೆ ವಿದ್ಯಾರ್ಥಿಗಳನ್ನು ಕಳಿಸುತ್ತದೆ. ಅದರಲ್ಲಿ ಅಧ್ಯಾಪಕರಿಗೂ ಅವಕಾಶವಿರುವುದು ದೊಡ್ಡ ಮಾತು. ಒಬ್ಬ ಅಧ್ಯಾಪಕಿ ಕಲಿತು ಹಿಂದಿರುಗಿದರೆ ಮುಂದಿನ ಎಷ್ಟೋ ತರಗತಿಗಳು ಕಲಿಯುತ್ತವೆ.

ಹೊಸಬರು ಮೊದಲು ಕಲಿಯುವ ಪರೀಕ್ಷೆಗಳಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕದ ಅಳತೆಯೂ ಒಂದು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವನ್ನು ಇಂದೂ ಕಲಿಸುತ್ತಾರೆ. ಗುಳ್ಳೆ ಸೇರದಂತೆ ಶೀಷೆಯ ಕಂಠದವರೆಗೆ ನದಿಯ ನೀರು ತುಂಬಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡನ್ನೂ ಸೇರಿಸಬೇಕು. ಆಮ್ಲಜನಕವಿದ್ದರೆ ಕಂದು ಗಸಿ ಕೂರುತ್ತದೆ, ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಆಮೇಲೆ ಆಮ್ಲ ಹಾಕಿದಾಗ ಆಮ್ಲಜನಕಕ್ಕೆ ತಕ್ಕಷ್ಟು ಅಯೊಡಿನ್ ಬಿಡುಗಡೆಯಾಗುತ್ತದೆ. ಪಿಷ್ಟದ ನೀಲಿ ಬಣ್ಣ ಮಾಯವಾಗುವವರೆಗೆ ಬ್ಯೂರೆಟ್ಟಿನಿಂದ ಥಯೊಸಲ್ಫೇಟ್ ತೊಟ್ಟಿಕ್ಕಿಸಿ ಅದನ್ನು ಅಳೆಯುತ್ತಾರೆ. ಶೀಷೆಯಲ್ಲಿ ಒಂದು ಗುಳ್ಳೆ ಉಳಿದರೂ, ದಡದಲ್ಲಿ ಹಾಕಬೇಕಾದ್ದನ್ನು ಪ್ರಯೋಗಾಲಯಕ್ಕೆ ಬಂದು ಹಾಕಿದರೂ ಉತ್ತರ ಸುಳ್ಳಾಗುತ್ತದೆ. ಸಂಖ್ಯೆಯನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬ ಈ ವಿವೇಕವೇ ಇಂಟರ್ನ್‌ಶಿಪ್ಪಿನ ನಿಜವಾದ ಗಳಿಕೆ. ಪಠ್ಯಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಕೊಚ್ಚಿಯಲ್ಲಿ ಈ ಪಾಠಕ್ಕೆ ದೂರ ಹೋಗಬೇಕಾಗಿಲ್ಲ. ಪೆರಿಯಾರ್ ನದಿಯ ದಂಡೆಯ ಏಲೂರು ಮತ್ತು ಎಡಯಾರ್‌ಗಳಲ್ಲಿ ರಸಗೊಬ್ಬರ, ಕ್ಷಾರ, ಕೀಟನಾಶಕ, ಲೋಹಗಳ ಕಾರ್ಖಾನೆಗಳು ದಶಕಗಳಿಂದ ಬೇರೂರಿವೆ. 2024ರ ಮೇ 20ರ ರಾತ್ರಿಯಿಂದ ಅಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಪಂಜರದಲ್ಲಿ ಮೀನು ಸಾಕಿದ್ದವರು ಬಂಡವಾಳ ಕಳೆದುಕೊಂಡರು. ಪಾತಾಳಂ ಅಣೆಕಟ್ಟೆಯ ಬಾಗಿಲು ತೆರೆದಾಗ ನೀರಿನ ಆಮ್ಲಜನಕ ಕುಸಿಯಿತೆಂದು ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದರೆ, ಪನಂಗಾಡಿನ ವಿಶ್ವವಿದ್ಯಾಲಯದ ತಂಡ ಅಮೋನಿಯ ಮತ್ತು ಹೈಡ್ರೊಜನ್ ಸಲ್ಫೈಡ್ ಅಪಾಯದ ಮಟ್ಟದಲ್ಲಿದ್ದವೆಂದು ವರದಿ ಮಾಡಿತು. ಒಂದೇ ನದಿಯ ಒಂದೇ ದುರಂತಕ್ಕೆ ಎರಡು ವಿವರಣೆ ಬಂದಾಗ ಯಾವ ಮಾದರಿಯನ್ನು ಎಲ್ಲಿ, ಎಷ್ಟು ಹೊತ್ತಿಗೆ ತೆಗೆದರು ಎಂಬುದೇ ಮುಖ್ಯ ಪ್ರಶ್ನೆ. ಋತುವೂ ಇಲ್ಲಿ ಗುರುವೇ: ಮೇ ತಿಂಗಳಲ್ಲಿ ಹರಿವು ಸೊರಗಿ ಉಪ್ಪುನೀರು ಮೇಲೇರಿದ ನದಿ, ಜೂನ್ ಮಳೆಗೆ ಕೆಲವೇ ದಿನಗಳಲ್ಲಿ ಬೇರೆಯೇ ಆಗಿರುತ್ತದೆ. ಎರಡು ತಿಂಗಳು ಉಳಿದವರು ಎರಡನ್ನೂ ಅಳೆಯಬಲ್ಲರು.

ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್‌ನಂಥ ವಿಷಗಳು ಅತಿ ಸೂಕ್ಷ್ಮ ಪ್ರಮಾಣದಲ್ಲಿರುವುದರಿಂದ ಅವಕ್ಕೆ ಬ್ಯೂರೆಟ್ ಸಾಲದು, ದುಬಾರಿ ಮಾಸ್ ಸ್ಪೆಕ್ಟ್ರೊಮೀಟರ್ ಬೇಕು. ನಿಸ್ಟ್‌ನಲ್ಲಿ ಆ ಸೌಲಭ್ಯವಿದೆ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ಗುಡ್ಡೆ ಹೊತ್ತಿ ದಿನಗಟ್ಟಲೆ ಉರಿದಾಗ ಈ ವಿದ್ಯೆಯ ಅಗತ್ಯ ಇಡೀ ನಗರಕ್ಕೆ ಅರಿವಾಯಿತು.

ಶಾಲೆಗಳನ್ನು ಪ್ರಯೋಗಾಲಯಕ್ಕೆ ಹತ್ತಿರ ತರಲು ಸಿಎಸ್‌ಐಆರ್ 2017ರ ಜುಲೈ 6ರಂದು 'ಜಿಜ್ಞಾಸಾ' ಆರಂಭಿಸಿತು. 1151 ಕೇಂದ್ರೀಯ ವಿದ್ಯಾಲಯಗಳನ್ನು 38 ಪ್ರಯೋಗಾಲಯಗಳಿಗೆ ಜೋಡಿಸುವುದು ಅದರ ಯೋಜನೆ. ಕೇರಳದಲ್ಲಿ ಈ ಪರಂಪರೆ ಇನ್ನೂ ಹಳೆಯದು. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ವಿಜ್ಞಾನವನ್ನು ಮಲಯಾಳದಲ್ಲೇ ಹಳ್ಳಿಗೆ ಕೊಂಡೊಯ್ದು, 1996ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಪಡೆಯಿತು. ಸರ್ಕಾರಿ ಹೈಯರ್ ಸೆಕೆಂಡರಿ ಶಾಲೆಗಳ ರಸಾಯನಶಾಸ್ತ್ರ ಕೊಠಡಿಗಳಲ್ಲೇ ಊರಿನ ಬಾವಿ ನೀರು ಪರೀಕ್ಷಿಸುವ ಹರಿತ ಕೇರಳಂ ಮಿಷನ್‌ನ ಯೋಜನೆ ಅದೇ ದಾರಿಯದು. ಒಂದು ದಿನದ ಪ್ರಯೋಗಾಲಯ ಭೇಟಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಮಗು ಇಲ್ಲಿ ತನ್ನ ಮನೆಯ ನೀರನ್ನೇ ಅಳೆಯುತ್ತದೆ.

ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಕನ್ನಡಿಗರೂ ನೆಲೆಸಿರುವ ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕವನ್ನು ತಯಾರಿಸುತ್ತಿದ್ದ ಕಾರ್ಖಾನೆಗಳಲ್ಲೊಂದು ಏಲೂರಿನಲ್ಲೇ ಇತ್ತು. ಅದೇ ಜಿಲ್ಲೆಯ ಎಣ್ಮಕಜೆಯ ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ 1979ರಲ್ಲೇ ಬರೆದರು. ಎಣ್ಮಕಜೆಯ ಪಡ್ರೆ ಗ್ರಾಮದ ನೀರು ಮತ್ತು ಜನರ ರಕ್ತದ ಮಾದರಿಗಳಲ್ಲಿ ವಿಷವಿದೆಯೆಂದು ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ಪ್ರಯೋಗಾಲಯ ಹೇಳಿದ್ದು 2001ರಲ್ಲಿ. ಅದನ್ನು ಅಲ್ಲಗಳೆಯುವ ವರದಿಯೂ ಬಂತು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ನಿಷೇಧಿಸಿದ್ದು 2011ರ ಮೇ 13ರಂದು. ಜನ ಕಣ್ಣಾರೆ ಕಂಡದ್ದಕ್ಕೂ ಪ್ರಯೋಗಾಲಯ ಅದನ್ನು ಅಳೆದದ್ದಕ್ಕೂ ನಡುವೆ 22 ವರ್ಷ ಸರಿದವು. ಕಾಸರಗೋಡಿನ ಪೆರಿಯದಲ್ಲಿ ಈಗ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಎಣ್ಮಕಜೆ, ಬೆಳ್ಳೂರು, ಮಂಜೇಶ್ವರದ ಮಕ್ಕಳಿಗೆ ಇಂಥ ಬೇಸಿಗೆ ತರಬೇತಿ ಹತ್ತಿರದಲ್ಲೇ ದೊರೆಯಬೇಕು. ಅಲ್ಲಿನ ಬಾವಿಗಳ ಪರೀಕ್ಷಾ ವರದಿ ಮನೆಯವರು ಓದಬಲ್ಲ ಕನ್ನಡದಲ್ಲಿರಬೇಕು.