ಕ್ಯಾಮೆರಾ ಫೋನಿನೊಡನೆ ಆರು ವರ್ಷ: ಚಿತ್ರ ತೆಗೆಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ

ಚಿಕ್ಕಬಳ್ಳಾಪುರ: ಮೊಬೈಲ್ ಫೋನನ್ನು ಮಾತಿಗಾಗಿ ಮಾತ್ರ ಕೊಳ್ಳುತ್ತಿದ್ದ ಕಾಲ ಮುಗಿದು ಬಹಳ ದಿನಗಳಾದವು. ಅಂಗಡಿಗೆ ಬರುವ ಗ್ರಾಹಕರ ಮೊದಲ ಪ್ರಶ್ನೆಯೇ ‘ಕ್ಯಾಮೆರಾ ಹೇಗಿದೆ?’ ಎಂಬುದು. ಈ ಪ್ರಶ್ನೆಗೆ ಕೊಂಡ ದಿನವೇ ಉತ್ತರ ದೊರೆಯುವುದಿಲ್ಲ. ಹೊಸ ಫೋನಿನಲ್ಲಿ ಹಗಲು ಬೆಳಕಿನಲ್ಲಿ ತೆಗೆದ ಚಿತ್ರಗಳೆಲ್ಲ ಚೆನ್ನಾಗಿಯೇ ಕಾಣುತ್ತವೆ. ಉಪಕರಣದ ನಿಜವಾದ ಗುಣದೋಷಗಳು ತಿಳಿಯುವುದು ಮಳೆ, ಧೂಳು, ಬಿಸಿಲುಗಳಲ್ಲಿ ಅದನ್ನು ವರ್ಷಗಟ್ಟಲೆ ಬಳಸಿದ ಬಳಿಕವೇ.

ಈ ಲೇಖಕ 2018ರ ಕೊನೆಯಲ್ಲಿ, ಕ್ಯಾಮೆರಾವೇ ಪ್ರಧಾನ ಎಂದು ಪ್ರಚಾರ ಪಡೆದಿದ್ದ ಫೋನೊಂದನ್ನು ಕೊಂಡು 2024ರ ಕೊನೆಯವರೆಗೆ ಬಳಸಿದ್ದುಂಟು. ಮುಖ್ಯ ಕ್ಯಾಮೆರಾ 12 ಮೆಗಾಪಿಕ್ಸೆಲ್. ಸಂಗ್ರಹ ಸಾಮರ್ಥ್ಯ 64 ಜಿಬಿ. ಮೆಮೊರಿ ಕಾರ್ಡ್ ಹಾಕಲು ಅವಕಾಶವಿಲ್ಲ. ನಂದಿಬೆಟ್ಟದಿಂದ ಶಿಡ್ಲಘಟ್ಟದ ರೇಷ್ಮೆ ಮನೆಗಳವರೆಗೆ, ಚಿಂತಾಮಣಿ ಕಡೆಯ ಕೆರೆ ಏರಿಗಳವರೆಗೆ ಅದು ಜೊತೆಗಿತ್ತು. ಆ ಅನುಭವದ ಆಧಾರದ ಮೇಲೆ, ಕ್ಯಾಮೆರಾ ಫೋನ್ ಕೊಳ್ಳುವವರಿಗೂ ಈಗಾಗಲೇ ಬಳಸುತ್ತಿರುವವರಿಗೂ ಉಪಯೋಗವಾಗಬಹುದಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಬೆಳೆದು ಬಂದ ದಾರಿ

ಕ್ಯಾಮೆರಾ ಇರುವ ಮೊಬೈಲ್ ಫೋನ್‌ಗಳು ಮೊದಲು ಮಾರುಕಟ್ಟೆಗೆ ಬಂದದ್ದು ಜಪಾನಿನಲ್ಲಿ. 1999ರಲ್ಲಿ ಕ್ಯೋಸೆರಾ, 2000ದಲ್ಲಿ ಶಾರ್ಪ್ ಕಂಪನಿಗಳು ಇಂಥ ಫೋನ್‌ಗಳನ್ನು ಹೊರತಂದವು. ಅವುಗಳ ಚಿತ್ರಗಳು 0.11 ಮೆಗಾಪಿಕ್ಸೆಲ್‌ನಷ್ಟು ಚಿಕ್ಕವು. 2002ರ ನೋಕಿಯಾ 7650 ಫೋನಿನಲ್ಲಿ ಇದ್ದದ್ದು 0.3 ಮೆಗಾಪಿಕ್ಸೆಲ್. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದ 2007ರಲ್ಲಿ ಜನರ ಬಾಯಲ್ಲಿದ್ದ ನೋಕಿಯಾ ಎನ್95 ಫೋನ್ 5 ಮೆಗಾಪಿಕ್ಸೆಲ್ ಕ್ಯಾಮೆರಾ ಹೊಂದಿತ್ತು. ಆಗಲೂ ಮದುವೆ, ನಾಮಕರಣಗಳಿಗೆ ಊರಿನ ಸ್ಟುಡಿಯೋದವರೇ ಬರಬೇಕಾಗಿತ್ತು.

2012ರಲ್ಲಿ ಬಂದ ನೋಕಿಯಾ 808 ಪ್ಯೂರ್‌ವ್ಯೂ 41 ಮೆಗಾಪಿಕ್ಸೆಲ್‌ನಿಂದ ಹೆಸರಾಯಿತು. ಆದರೆ ಅದರ ಹೆಚ್ಚುಗಾರಿಕೆ ಆ ಸಂಖ್ಯೆಯಲ್ಲಿರಲಿಲ್ಲ. ಸಂವೇದಕ, ಅಂದರೆ ಬೆಳಕನ್ನು ಗ್ರಹಿಸುವ ಸೆನ್ಸರ್, ಅಂದಿನ ಇತರ ಫೋನ್‌ಗಳಿಗಿಂತ ಬಹಳ ದೊಡ್ಡದಾಗಿತ್ತು. ಅನೇಕ ಬಿಂದುಗಳ ಮಾಹಿತಿಯನ್ನು ಒಂದುಗೂಡಿಸಿ 5 ಮೆಗಾಪಿಕ್ಸೆಲ್‌ನ ಸ್ವಚ್ಛ ಚಿತ್ರ ಕೊಡುತ್ತಿತ್ತು. 2016ರಲ್ಲಿ ಬಂದ ಗೂಗಲ್ ಪಿಕ್ಸೆಲ್ ಇನ್ನೊಂದು ದಾರಿ ಹಿಡಿಯಿತು. ಒಂದೇ ದೃಶ್ಯವನ್ನು ಕ್ಷಣಮಾತ್ರದಲ್ಲಿ ಹಲವು ಬಾರಿ ತೆಗೆದು, ಲೆಕ್ಕಾಚಾರದಿಂದ ಒಂದು ಚಿತ್ರವಾಗಿ ಕೂಡಿಸುವ ವಿಧಾನ ಅದರದು. 2018ರಲ್ಲಿ ಇದೇ ವಿಧಾನದಿಂದ ಕತ್ತಲಲ್ಲೂ ಚಿತ್ರ ತೆಗೆಯುವ ಸೌಲಭ್ಯ ಬಂತು. ಇಂದಿನ ಫೋನ್‌ಗಳು ದೊಡ್ಡ ಸಂವೇದಕ, ಚುರುಕು ಲೆಕ್ಕಾಚಾರ ಎರಡನ್ನೂ ಬೆರೆಸಿಕೊಂಡಿವೆ.

ಸಂಖ್ಯೆಗಿಂತ ಗಾತ್ರ ಮುಖ್ಯ

ಹಳೆಯ ಫಿಲ್ಮ್ ಕ್ಯಾಮೆರಾದ ಒಂದು ಚೌಕಟ್ಟು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. 2018ರ ಹೊತ್ತಿನ 12 ಮೆಗಾಪಿಕ್ಸೆಲ್ ಫೋನ್‌ಗಳಲ್ಲಿ ಸಾಮಾನ್ಯವಾಗಿದ್ದ ಸಂವೇದಕದ ಅಳತೆ ಸುಮಾರು 5.6 ಮಿ.ಮೀ., 4.2 ಮಿ.ಮೀ. ಅಂದರೆ ವಿಸ್ತೀರ್ಣದಲ್ಲಿ ಫಿಲ್ಮ್ ಚೌಕಟ್ಟಿಗಿಂತ ಮೂವತ್ತೈದು ಪಟ್ಟಿಗೂ ಹೆಚ್ಚು ಚಿಕ್ಕದು. ಅಷ್ಟು ಸಣ್ಣ ಜಾಗದ ಮೇಲೆ ಬೀಳುವ ಬೆಳಕೂ ಕಡಿಮೆಯೇ. ಅದೇ ಜಾಗವನ್ನು 12 ಭಾಗದ ಬದಲು 48 ಭಾಗ ಮಾಡಿದರೆ ಬೆಳಕು ಹೆಚ್ಚುವುದಿಲ್ಲ. ಆದ್ದರಿಂದಲೇ 48 ಮೆಗಾಪಿಕ್ಸೆಲ್ ಎಂದು ಬರೆದಿರುವ ಅನೇಕ ಫೋನ್‌ಗಳು ನಾಲ್ಕು ಬಿಂದುಗಳನ್ನು ಒಂದಾಗಿಸಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ನೀಡುತ್ತವೆ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗಿಂತ ಸಂವೇದಕದ ಗಾತ್ರವನ್ನು, ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇದೆಯೇ ಎಂಬುದನ್ನು ವಿಚಾರಿಸುವುದು ಲೇಸು.

ಬೆಟ್ಟ, ಗುಡಿ, ಗೂಡು

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದಲ್ಲಿ ಸೂರ್ಯೋದಯದ ಚಿತ್ರ ತೆಗೆಯಲು ನೂರಾರು ಕೈಗಳು ಒಮ್ಮೆಲೇ ಮೇಲೇಳುತ್ತವೆ. ಅವುಗಳಲ್ಲಿ ಬಹುಪಾಲು ಚಿತ್ರಗಳು ಮಬ್ಬಾಗಿರಲು ಫೋನ್ ಕಾರಣವಲ್ಲ. ಮಂಜಿನ ಹನಿಗಳು ಮಸೂರದ ಮೇಲಿನ ಗಾಜಿಗೆ ಅಂಟುತ್ತವೆ. ಬೆರಳಿನ ಜಿಡ್ಡು ಮೊದಲೇ ಇರುತ್ತದೆ. ಹಳೆಯ ಹತ್ತಿ ಬಟ್ಟೆಯ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡ ದಿನದಿಂದ ಈ ಲೇಖಕನ ಚಿತ್ರಗಳು ಸುಧಾರಿಸಿದವು. ಸೂರ್ಯನ ಪಕ್ಕದ ಆಕಾಶವನ್ನು ಪರದೆಯ ಮೇಲೆ ಒತ್ತಿ ಹಿಡಿದು ಬೆಳಕಿನ ಮಟ್ಟವನ್ನು ಸ್ವಲ್ಪ ಇಳಿಸಿದರೆ ಮೋಡದ ಬಣ್ಣ ಉಳಿಯುತ್ತದೆ.

ಬೆಟ್ಟದ ಬುಡದ ನಂದಿ ಗ್ರಾಮದಲ್ಲಿರುವ ಭೋಗನಂದೀಶ್ವರ ದೇವಾಲಯದ ಮೂಲ ಒಂಬತ್ತನೆಯ ಶತಮಾನಕ್ಕೆ ಸೇರಿದ್ದು. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಗುಡಿಗಳು ಅಲ್ಲಿವೆ. ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ಕಪ್ಪು ಕಲ್ಲಿನ ಕಂಬಗಳು. ಹಲವು ಚಿತ್ರಗಳನ್ನು ಕೂಡಿಸುವ ವಿಧಾನ ಇಂಥ ಕಡೆ ನಿಜಕ್ಕೂ ನೆರವಾಗುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕಾಗುವುದರಿಂದ, ಮಂದ ಬೆಳಕಿನಲ್ಲಿ ಬೆನ್ನನ್ನೋ ಭುಜವನ್ನೋ ಗೋಡೆಗೆ ಆನಿಸಿ ನಿಲ್ಲುವ ಅಭ್ಯಾಸ ಒಳ್ಳೆಯದು. ಕೆತ್ತನೆಯ ಕಂಬಕ್ಕೆ ಒರಗುವುದು ಸಲ್ಲದು.

ಶಿಡ್ಲಘಟ್ಟದ ರೇಷ್ಮೆ ಗೂಡು ಇನ್ನೊಂದು ಪಾಠ ಕಲಿಸಿತು. ದ್ವಿತಳಿ ಗೂಡಿನ ಬಣ್ಣ ಬಿಳಿ. ಮಿಶ್ರತಳಿ ಗೂಡಿನದು ತಿಳಿ ಹಳದಿ. ಬರಿಗಣ್ಣಿಗೆ ಸುಲಭವಾಗಿ ತಿಳಿಯುವ ಈ ಅಂತರವನ್ನು ಫೋನ್ ಅಳಿಸಿಹಾಕಬಲ್ಲದು. ಹಳದಿ ರಾಶಿಯನ್ನು ಕಂಡಾಗ, ಇದು ದೀಪದ ಹಳದಿ ಇರಬೇಕೆಂದು ಭಾವಿಸಿ ಅದನ್ನು ಬಿಳಿಯಾಗಿಸುತ್ತದೆ. ಚೌಕಟ್ಟಿನ ತುಂಬ ಬಿಳಿ ಗೂಡೇ ಇದ್ದರೆ ಬೆಳಕು ಹೆಚ್ಚಾಯಿತೆಂದು ತಿಳಿದು ಬೂದು ಬಣ್ಣಕ್ಕೆ ಇಳಿಸುತ್ತದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಹಾಳೆ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಸಮತೋಲನವನ್ನು ಕೈಯಾರೆ ಹೊಂದಿಸುವುದೇ ಇದಕ್ಕೆ ಪರಿಹಾರ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ನೋಡಿ ಸರಕಿನ ಗುಣ ಅಳೆಯುವವರು, ಗೂಡಿರಲಿ, ದ್ರಾಕ್ಷಿಯಿರಲಿ, ಗುಲಾಬಿಯಿರಲಿ, ಈ ಮಿತಿಯನ್ನು ಮರೆಯಬಾರದು.

ಕಲ್ಲು ಓದದ ಕ್ಯಾಮೆರಾ

ಜಿಲ್ಲೆಯ ಊರೂರುಗಳಲ್ಲಿ ವೀರಗಲ್ಲುಗಳೂ ಶಾಸನಗಳೂ ಹರಡಿವೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಕೋಲಾರ ಜಿಲ್ಲೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಇಂದಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳು ಆ ಸಂಪುಟದಲ್ಲಿವೆ.

ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರ ಕೆರೆ ಏರಿಯ ಮೇಲೆ 2019ರ ಫೆಬ್ರವರಿಯಲ್ಲಿ ಇಂಥದೊಂದು ವೀರಗಲ್ಲು ಕಣ್ಣಿಗೆ ಬಿತ್ತು. ಕುದುರೆ, ಬಿಲ್ಲು ಹಿಡಿದ ವೀರ, ಮೇಲಿನ ಅಂಕಣದಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು. ಅಂಕಣಗಳ ನಡುವಿನ ಪಟ್ಟಿಯಲ್ಲಿ ಮೂರು ಸಾಲಿನ ಬರಹ. ನಡು ಮಧ್ಯಾಹ್ನ. ನಾಲ್ಕು ಚಿತ್ರ ತೆಗೆದು, ಇತಿಹಾಸದ ಮೇಷ್ಟರಾಗಿದ್ದ ಸ್ನೇಹಿತರೊಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದಾಯಿತು. ‘ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಏಳೋದಿಲ್ಲ, ಸಂಜೆ ಇನ್ನೊಮ್ಮೆ ಹೋಗಿ ಬನ್ನಿ’ ಎಂದು ಅವರು ಅಂದೇ ಉತ್ತರಿಸಿದರು.

ಅವರ ಮಾತು ಸರಿ. ಸವೆದ ಅಕ್ಷರದ ತಗ್ಗಿನಲ್ಲಿ ನೆರಳು ಬಿದ್ದರೆ ಮಾತ್ರ ಅದು ಕಾಣುತ್ತದೆ. ಅದಕ್ಕೆ ಬೆಳಕು ಓರೆಯಾಗಿ ಬರಬೇಕು. ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ, ಇಲ್ಲವೇ ಕೊಡೆಯ ನೆರಳು ಮಾಡಿ ಟಾರ್ಚನ್ನು ಕಲ್ಲಿನ ಅಂಚಿನಿಂದ ಹಿಡಿದು ತೆಗೆಯಬೇಕು. ಸೀಮೆಸುಣ್ಣ, ಎಣ್ಣೆಗಳನ್ನು ಕಲ್ಲಿಗೆ ಬಳಿಯಬಾರದು. ಅಳತೆಗಾಗಿ ಪಕ್ಕದಲ್ಲಿ ಸ್ಕೇಲ್ ಇಡಬೇಕು.

ಫೋನಿನ ಲೆಕ್ಕಾಚಾರವೂ ಇಲ್ಲಿ ತೊಡಕೇ. ಕಲ್ಲಿನ ಒರಟನ್ನು ಚಿತ್ರದ ದೋಷವೆಂದು ಎಣಿಸಿ ಅದು ನಯಗೊಳಿಸುತ್ತದೆ. ಒರಟಿನೊಡನೆ ಅಕ್ಷರವೂ ಹೋಗುತ್ತದೆ. ಕೆಲವು ಫೋನ್‌ಗಳು ದೂರದ ಚಂದ್ರನ ಚಿತ್ರಕ್ಕೆ ಇಲ್ಲದ ವಿವರವನ್ನು ತಾವೇ ಸೇರಿಸುತ್ತವೆ ಎಂಬ ವಿವಾದ 2023ರಲ್ಲಿ ಎದ್ದದ್ದನ್ನು ಓದುಗರು ನೆನಪಿಸಿಕೊಳ್ಳಬಹುದು. ದಾಖಲೆಗಾಗಿ ತೆಗೆಯುವ ಚಿತ್ರವನ್ನು ‘ರಾ’ ಮಾದರಿಯಲ್ಲಿ, ಅಂದರೆ ಸಂವೇದಕ ಕಂಡದ್ದನ್ನು ತಿದ್ದದೆ ಉಳಿಸುವ ಮಾದರಿಯಲ್ಲಿ ತೆಗೆಯುವುದು ಕ್ಷೇಮ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರ್‌ನಿಂದ ದಾಖಲಿಸುತ್ತಿರುವುದಕ್ಕೂ ಸಾಮಾನ್ಯ ಚಿತ್ರಗಳ ಈ ಮಿತಿಯೇ ಒಂದು ಕಾರಣ.

ಸಂಜೆ ಮತ್ತೆ ಹೋಗುವುದು ಇಂದು, ನಾಳೆ ಎಂದು ಮುಂದೂಡಿತು. 2020ರಲ್ಲಿ ಫೋನಿನ ಸಂಗ್ರಹ ತುಂಬಿತು. ಸ್ನೇಹಿತರ ಬಳಿ ಇವೆಯಲ್ಲ ಎಂಬ ಧೈರ್ಯದಿಂದ ಹಳೆಯ ಚಿತ್ರಗಳನ್ನು ಅಳಿಸಿದ್ದಾಯಿತು. 2022ರಲ್ಲಿ ಆ ಹಳ್ಳಿಗೆ ಹೋದಾಗ ಏರಿಯನ್ನು ಅಗಲ ಮಾಡಲಾಗಿತ್ತು, ಕಲ್ಲು ಇರಲಿಲ್ಲ. ಮಣ್ಣಿನ ಕೆಳಗೆ ಹೋಗಿರಬಹುದೆಂದು ಊರಿನವರು ಹೇಳಿದರು. ಸ್ನೇಹಿತರ ಫೋನಿನಲ್ಲಿದ್ದದ್ದು, ಕಳುಹಿಸುವಾಗ ಕುಗ್ಗಿದ ಪ್ರತಿ. ಕುದುರೆ ಕಾಣುತ್ತದೆ, ವೀರ ಕಾಣುತ್ತಾನೆ. ಅಕ್ಷರವಿದ್ದ ಪಟ್ಟಿ ಬರಿಯ ಕಲೆಯಾಗಿದೆ. ಸಾಲುಗಳನ್ನು ಓದಲಾಗದೆ, ರೈಸ್ ಅವರ ಸಂಪುಟದೊಡನೆ ಹೋಲಿಸಿ ನೋಡುವ ದಾರಿಯೂ ಮುಚ್ಚಿತು. ಇದರಲ್ಲಿ ಫೋನಿನ ತಪ್ಪೇನೂ ಇಲ್ಲ. ತಪ್ಪು ಸಂಪೂರ್ಣವಾಗಿ ಬಳಸಿದವನದು.

ಪ್ರತಿ ಇಡುವ ಕ್ರಮ

ಒಂದು ಚಿತ್ರ ಸುಮಾರು 4 ಎಂಬಿ ಎಂದುಕೊಂಡರೂ ಸಾವಿರ ಚಿತ್ರಕ್ಕೆ 4 ಜಿಬಿ ಬೇಕು. ‘ರಾ’ ಚಿತ್ರಗಳಿಗೆ ಅದರ ಹಲವು ಪಟ್ಟು ಜಾಗ ಬೇಕಾಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಕೊನೆಗೊಂಡಿತು; ಆ ಬಳಿಕ ಸೇರಿಸುವ ಚಿತ್ರಗಳು, ಮಿಂಚಂಚೆಯೂ ಸೇರಿ 15 ಜಿಬಿಯ ಉಚಿತ ಮಿತಿಯೊಳಗೆ ಎಣಿಕೆಯಾಗುತ್ತವೆ. ವಾಟ್ಸ್‌ಆ್ಯಪ್ ಚಿತ್ರಗಳನ್ನು ಕುಗ್ಗಿಸಿಯೇ ಕಳುಹಿಸುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲಿ ಕುಗ್ಗುವುದು ಕಡಿಮೆ. ಮೂಲ ಚಿತ್ರವೇ ತಲುಪಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಬೇಕು.

ಛಾಯಾಗ್ರಾಹಕರಲ್ಲಿ ರೂಢಿಯಲ್ಲಿರುವ ನಿಯಮ ಸರಳವಾದದ್ದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಫೋನಿನಲ್ಲೊಂದು, ಹಾರ್ಡ್ ಡಿಸ್ಕಿನಲ್ಲೊಂದು, ಅಂತರಜಾಲದ ಸಂಗ್ರಹದಲ್ಲೋ ಬಂಧುಗಳ ಮನೆಯ ಡಿಸ್ಕಿನಲ್ಲೋ ಇನ್ನೊಂದು. ತಿಂಗಳಿಗೊಮ್ಮೆ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ ಸಾಕು.

ಸವೆಯುವುದು ಯಾವುದು?

ಆರು ವರ್ಷಗಳಲ್ಲಿ ಕ್ಯಾಮೆರಾದ ಸಂವೇದಕ ಕೆಡಲಿಲ್ಲ. ಕೆಟ್ಟದ್ದು ಸುತ್ತಲಿನ ಭಾಗಗಳು. ಮೂರನೆಯ ವರ್ಷ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿಯಾಗತೊಡಗಿ ಬದಲಿಸಬೇಕಾಯಿತು. ಕೀಲಿ, ಚಿಲ್ಲರೆಗಳೊಡನೆ ಜೇಬಿನಲ್ಲಿ ಉಜ್ಜಿ ಮಸೂರದ ಗಾಜಿನಲ್ಲಿ ಗೀರುಗಳಾದವು, ರಾತ್ರಿ ಬಿ.ಬಿ. ರಸ್ತೆಯ ಪ್ರತಿ ದೀಪದ ಸುತ್ತಲೂ ಬೆಳಕಿನ ಬಳೆ ಕಾಣತೊಡಗಿತು. ಆ ಗಾಜನ್ನು ಕಡಿಮೆ ವೆಚ್ಚದಲ್ಲಿ ಬದಲಿಸಬಹುದೆಂಬುದು ಅನೇಕರಿಗೆ ಗೊತ್ತಿಲ್ಲ. ತಂತ್ರಾಂಶದ ಹೊಸ ಆವೃತ್ತಿಗಳು ಮೂರು ವರ್ಷಕ್ಕೆ ನಿಂತವು. ಕೊನೆಗೆ ಫೋನನ್ನು ಕೈಬಿಡಬೇಕಾದದ್ದೂ ಇದರಿಂದಲೇ. ಬ್ಯಾಂಕಿನ ಆ್ಯಪ್ ಅದರಲ್ಲಿ ನಡೆಯದಾಯಿತು.

ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮದಂತೆ ಬ್ಯಾಟರಿ 800 ಬಾರಿ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಮಾದರಿಯ ಮಾರಾಟ ನಿಂತ ನಂತರವೂ ಕನಿಷ್ಠ 5 ವರ್ಷ ಕಾರ್ಯಾಚರಣಾ ತಂತ್ರಾಂಶದ ನವೀಕರಣ ದೊರೆಯಬೇಕು. ನಮ್ಮಲ್ಲಿ ಫೋನ್ ಕೊಳ್ಳುವವರೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಕೊಳ್ಳುವ ಮುನ್ನ ಕೇಳಬೇಕಾದ್ದು

- ಸಂವೇದಕದ ಗಾತ್ರವೆಷ್ಟು? ಕೈ ನಡುಕ ತಡೆಯುವ ವ್ಯವಸ್ಥೆ ಇದೆಯೇ?
- ಬಣ್ಣ, ಬೆಳಕುಗಳನ್ನು ಕೈಯಾರೆ ಹೊಂದಿಸಲು, ‘ರಾ’ ಮಾದರಿಯಲ್ಲಿ ತೆಗೆಯಲು ಸಾಧ್ಯವೇ?
- ಸಂಗ್ರಹ ಸಾಮರ್ಥ್ಯ ಕನಿಷ್ಠ 256 ಜಿಬಿ ಇದೆಯೇ, ಅಥವಾ ಮೆಮೊರಿ ಕಾರ್ಡ್‌ಗೆ ಅವಕಾಶವಿದೆಯೇ?
- ತಂತ್ರಾಂಶ ಎಷ್ಟು ವರ್ಷ ದೊರೆಯುತ್ತದೆ? ಬ್ಯಾಟರಿ, ಗಾಜು ಬದಲಿಸುವ ಕೇಂದ್ರ ಹತ್ತಿರದಲ್ಲಿದೆಯೇ?

ಪ್ರತಿ ಇಡುವ ಅಭ್ಯಾಸ ತಡವಾಗಿಯಾದರೂ ಬಂದುದರಿಂದ ಕೆಲವು ಚಿತ್ರಗಳು ಉಳಿದಿವೆ. ಕಂದವಾರ ಕೆರೆಯ ಒಂದೇ ಜಾಗದಿಂದ ವರ್ಷವರ್ಷವೂ ತೆಗೆದ ಸರಣಿ ಅವುಗಳಲ್ಲಿ ಒಂದು. ಮೊದಲ ಚಿತ್ರದಲ್ಲಿ ಜಾಲಿ ಬೆಳೆದ ಒಣನೆಲ, ಮುಂದಿನವುಗಳಲ್ಲಿ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರು, 2021ರ ನವೆಂಬರಿನದರಲ್ಲಿ ಮಳೆಗೆ ತುಂಬಿದ ಕೆರೆ. ಒಂದೊಂದಾಗಿ ನೋಡಿದರೆ ಅವು ಸಾಧಾರಣ ಚಿತ್ರಗಳೇ. ದಿನಾಂಕದೊಡನೆ ಸಾಲಾಗಿ ಜೋಡಿಸಿದಾಗ ಒಂದು ಊರಿನ ನೀರಿನ ಚರಿತ್ರೆಯಾಗುತ್ತವೆ. ತಮ್ಮ ಊರಿನ ಏರಿಯ ಮೇಲೋ ಗುಡಿಯ ಹಿಂದೆಯೋ ಬರಹವಿರುವ ಕಲ್ಲೊಂದನ್ನು ಬಲ್ಲ ಓದುಗರು ಈ ವಾರವೇ, ಇಳಿಹೊತ್ತಿನಲ್ಲಿ, ಅದರ ಚಿತ್ರ ತೆಗೆದು ಎರಡು ಕಡೆ ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕೆ ಈಗ ಕೈಯಲ್ಲಿರುವ ಫೋನೇ ಸಾಕು.